ನೀರು ಕಾಣದ ಅಚ್ಚು

ಲವಂಗ — ಅಲ್ಲ, ಅದು ಬಾಗಿಲ ಬಳಿ ವೈನ್ ಕಾಯಿಸುತ್ತಿರುವವನ ಪಾತ್ರೆಯದು, ಬರೀ ಲವಂಗ, ಅಕ್ಕನ ಕೈಯದಾಗಿದ್ದರೆ ಲವಂಗದ ಬೆನ್ನಿಗೇ ಸೋಂಪು, ಸೋಂಪಿನ ಬೆನ್ನಿಗೆ ಜೇನು ಬರಬೇಕಿತ್ತು, ಬರಲಿಲ್ಲ, ಯರ್ಮಿಲಾ ಮೂಗನ್ನು ಗದರಿಸಿ ಕೆಲಸಕ್ಕೆ ಎಳೆದುಕೊಂಡಳು, ಬ್ರೂವರಿ ನಡೆಸುವವಳ ಮೂಗು ಹೀಗೆಲ್ಲ ಮೋಸ ಹೋಗಬಾರದು, ಹನ್ನೊಂದೂವರೆ ಆಯಿತು, ಕ್ರಿಸ್‌ಮಸ್ ಸಂತೆ ಶುರುವಾಗಿ ಒಂದೂವರೆ ಗಂಟೆ, ಬಿಯರ್ ಕಾಯಿಸುವ ತಾಮ್ರದ ಹಂಡೆಗಳ ನಡುವೆಯೇ ಜನ ಭುಜಕ್ಕೆ ಭುಜ ತಾಗಿಸಿ ಓಡಾಡುತ್ತಿದ್ದಾರೆ, ಒಣಹುಲ್ಲಿನ ದೇವದೂತರು, ಕಸೂತಿ, ಮರದ ಸೌಟು, ನೀಲಿ ಅಚ್ಚಿನ ಬಟ್ಟೆ, ಎಲ್ಲ ಮೇಜಿಗೂ ಗಿರಾಕಿ ಇದ್ದಾರೆ, ಒಂಬತ್ತನೆಯದಕ್ಕೆ ಮಾತ್ರ ಅಂಗಡಿಯವಳೇ ಇಲ್ಲ, ಬಿಳಿ ಬಟ್ಟೆ, ಮೇಜಿನ ಅಂಚಿಗೆ ಅಂಟಿಸಿದ ಒಂದು ಚೀಟಿ, ಚೀಟಿಯಲ್ಲಿ ಒತೀಲಿಯೆ ಎಂದು ಅಕ್ಕನ ಹೆಸರು, ತನ್ನದೇ ಕೈಬರಹ. ಅಮ್ಮಾವ್ರೇ ಆ ಮೇಜು ಖಾಲಿನೇ ಅಲ್ವಾ, ನಂಗೆ ಕೊಟ್ಬಿಡಿ, ಮೇಣದಬತ್ತಿ ಎಲ್ಲ ಬುಟ್ಟಿಲೇ ಕೂತಿದೆ — ಮೇಣದಬತ್ತಿಯ ಬ್ಲಜೆನಾ, ಮೂರನೇ ಸಲ, ಈ ಹೆಂಗಸಿಗೆ ಬೇರೆ ಕೆಲಸವಿಲ್ಲ — ಇನ್ನರ್ಧ ಗಂಟೆ ತಡಿಯಮ್ಮ, ಬರ್ತಾರೆ. ಯಾರು ಬರ್ತಾರೆ? ಬರ್ತಾರೆ ಅಂದೆನಲ್ಲ. ಎಂದವಳೇ ಬಕೆಟ್ಟಿನ ಬಟ್ಟೆ ಹಿಂಡಿ, ಬಿಳಿ ಬಟ್ಟೆ ಮಡಿಸಿಟ್ಟು, ಒಂಬತ್ತನೇ ಮೇಜನ್ನು ಮತ್ತೊಮ್ಮೆ ಒರೆಸಿದಳು, ಬೆಳಗಿನಿಂದ ನಾಲ್ಕನೇ ಸಲ, ಮೂಲೆಯಲ್ಲಿ ಲೋಟ ಜೋಡಿಸುತ್ತಿದ್ದ ಮುದುಕ ಪ್ರೋಕೊಪ್ ನೋಡಿ ನಕ್ಕ, ನಲವತ್ತು ವರ್ಷದಿಂದ ಈ ಬ್ರೂವರಿಯ ನೆಲಮಾಳಿಗೆಯಲ್ಲೇ ಇರುವವನು, ಅಮ್ಮಾವ್ರೇ ಬಿಡಿ ಸಾಕು, ಇನ್ನೊಂದ್ಸಲ ಒರೆಸಿದ್ರೆ ಮೇಜು ಸವೆದು ಕಾಲು ಮಾತ್ರ ಉಳ್ಯತ್ತೆ.

ಒರೆಸದೆ ಏನು ಮಾಡಲಿ, ತೊಳೆಯುವುದು ಬಿಟ್ಟು ಕೈಗೆ ಬೇರೇನು ಗೊತ್ತು, ಬಿಯರ್ ಮಾಡೋನ ಅರ್ಧ ಆಯುಸ್ಸು ತೊಳೆಯೋದ್ರಲ್ಲೇ ಹೋಗತ್ತೆ ಮಗಳೇ ಅಂತಿದ್ದ ಅಪ್ಪ, ಟ್ಯಾಂಕು ತೊಳಿ, ಕೊಳವೆ ತೊಳಿ, ತೊಳೆದದ್ದನ್ನ ತೊಳಿ, ಒಂದು ಹನಿ ಹಳೇದು ಉಳಿದರೆ ಸಾವಿರ ಲೀಟರ್ ಹುಳಿ, ಅಪ್ಪನ ಮಡಿ ಹೀಗೆ, ಅಮ್ಮನ ಮಡಿಯೇ ಬೇರೆ, ಅಮ್ಮ ಪೆರ್ನಿಕ್ ಮಾಡುವ ಮನೆಯಿಂದ ಬಂದವಳು, ಜೇನು ಮಸಾಲೆ ಹಿಟ್ಟು ಕಲಸಿ ಮರದ ಅಚ್ಚಿನಲ್ಲಿ ಒತ್ತಿ ಬೇಯಿಸುವವರ ಮನೆ, ಅಲ್ಲಿ ಅಚ್ಚಿಗೆ ನೀರು ಸೋಕಿದರೆ ಮೈಲಿಗೆ, ಒಣ ಕುಂಚದಲ್ಲಿ ಕೆರೆದು ಎಣ್ಣೆ ಸವರಿ ಗೋಡೆಗೆ ನೇತುಹಾಕಿದರೆ ಮುಗಿಯಿತು, ಒಂದೇ ಮನೆಯಲ್ಲಿ ಎರಡು ಮಡಿ, ಅಕ್ಕ ಅಮ್ಮನದನ್ನು ಹಿಡಿದಳು, ತಾನು ಅಪ್ಪನದನ್ನು, ಐವತ್ತು ವರ್ಷ ಒಂದಕ್ಕೊಂದು ತಾಗದೆ ನಡೆದಿತ್ತಲ್ಲ, ಅಕ್ಕ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ ಆ ಡಿಸೆಂಬರ್‌ವರೆಗೆ. ಮನೆ ನೋಡ್ಕೊ ಅಂದಿದ್ದಳು ಅಕ್ಕ, ಬರೀ ನೋಡ್ಕೊ, ಗಿಡಕ್ಕೆ ನೀರು ಹಾಕು, ಬೆಕ್ಕಿಗೆ ಅನ್ನ ಹಾಕು. ಗೋಡೆಯ ಮೇಲೆ ಆ ದೊಡ್ಡ ಅಚ್ಚು, ಮುತ್ತಜ್ಜಿಯ ಕಾಲದ್ದು, ಪಿಯರ್ ಹಣ್ಣಿನ ಮರದ್ದು, ಓಡುವ ಕುದುರೆ, ಮೇಲೊಬ್ಬ ಸವಾರ, ಕುದುರೆಯ ಕಿವಿಯಲ್ಲಿ ನೂರು ವರ್ಷದ ಜೇನು ಕಪ್ಪಾಗಿ ಕೂತಿದೆ, ಛೀ ಕೊಳಕು, ಪಾಪ ಅಕ್ಕನಿಗೆ ವಯಸ್ಸಾಯಿತು ಕೈಲಾಗುವುದಿಲ್ಲ, ಮನೆಗೆ ಬಂದಾಗ ಹೊಸದರ ಹಾಗೆ ಹೊಳೆಯಲಿ — ಪ್ರೀತಿಯೇ ಕಣೇ ಅದು, ಪ್ರೀತಿಯಲ್ಲದೆ ಇನ್ನೇನು — ಬ್ರೂವರಿಗೆ ತಂದು ಟ್ಯಾಂಕು ತೊಳೆಯುವ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಇಡೀ ದಿನ ನೆನೆಹಾಕಿದಳು, ಆಮೇಲೆ ಒಣಗಲೆಂದು ಬಾಯ್ಲರ್ ಪಕ್ಕ ನಿಲ್ಲಿಸಿದಳು. ಟಪ್. ಅಷ್ಟೇ ಸದ್ದು. ಕುದುರೆಯ ಬೆನ್ನಿನಿಂದ ಹೊಟ್ಟೆಯ ಕೆಳಗಿನವರೆಗೆ ಒಂದು ಗೆರೆ.

ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ, ಅಕ್ಕ ಆಡಿದ್ದು ಎರಡೇ ಮಾತು, ಕೋಲೂರಿಕೊಂಡು ಬಂದವಳು ಅಚ್ಚನ್ನು ಬೆಳಕಿಗೆ ಹಿಡಿದಳು, ಕುದುರೆಯ ಹೊಟ್ಟೆಯ ಗೆರೆಯಿಂದ ಕಿಟಕಿಯ ಬೆಳಕು ಈಚೆ ಬಂತು, ತೊಳೆದ್ಯಾ ಅಂದಳು, ಹೂಂ ಅಂದಳು ಇವಳು, ಹೋಗು ಅಂದಳು ಅಕ್ಕ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆರು ಕ್ರಿಸ್‌ಮಸ್ ಆಯಿತು, ಒಂದೇ ಊರು, ಒಂದೇ ಚೌಕ, ಅಕ್ಕ ಆ ಬದಿ ಬಂದರೆ ಇವಳು ಈ ಬದಿ, ಹಬ್ಬದೂಟದ ಕಾರ್ಪ್ ಮೀನು ಮಾರುವ ತೊಟ್ಟಿಯ ಮುಂದಿನ ಸಾಲಿನಲ್ಲಿ ಮೂರು ಜನ ಬಿಟ್ಟು ನಿಂತು ಅಕ್ಕನ ಬೆನ್ನು ನೋಡಿದ್ದಾಳೆ, ಕೋಟಿನ ಹೊಲಿಗೆ ಬಿಚ್ಚಿತ್ತು, ಹೇಳಲಾಗಲಿಲ್ಲ, ಅರ್ಧ ಮೀನು ತಂದು ಒಬ್ಬಳೇ ಹುರಿದು ತಿಂದಿದ್ದಾಳೆ. ಈ ಸಂತೆಯೂ ನಿಜ ಹೇಳಬೇಕೆಂದರೆ ಸಂತೆಗಾಗಿ ಅಲ್ಲ, ಊರಿನ ಕುಶಲಿಗರಿಗೆ ಜಾಗ ಅಂತ ಎಲ್ಲರೆದುರು ಹೇಳಿದ್ದು ನೆಪ, ಮೂವತ್ತು ಜನಕ್ಕೆ ಒಂದೇ ಥರದ ಆಹ್ವಾನದ ಕಾಗದ, ಅಕ್ಕನಿಗೂ ಅದೇ, ಕೆಳಗೆ ಮಾತ್ರ ಕೈಬರಹದಲ್ಲಿ, ಒಂಬತ್ತನೇ ಮೇಜು, ಬಾಯ್ಲರ್ ಹತ್ರ, ಸೊಂಟಕ್ಕೆ ಬೆಚ್ಚಗಿರತ್ತೆ. ತಪ್ಪಾಯ್ತು ಅಂತ ಬರೆಯಲು ಕೂತು ಬರೆದದ್ದು ಇದು. ಉತ್ತರ ಬರಲಿಲ್ಲ. ಬಾಯ್ಲರ್ — ಅಯ್ಯೋ, ಅದೇ ಬಾಯ್ಲರ್ ಅಲ್ಲವಾ, ಅಚ್ಚು ಸೀಳಿದ ಜಾಗ, ಬುದ್ಧಿಗೇಡಿ, ಬೇರೆ ಜಾಗವೇ ಇರಲಿಲ್ಲವಾ ನಿನಗೆ, ಅದಕ್ಕೇ ಬಂದಿಲ್ಲ, ಹನ್ನೆರಡು ಹೊಡೆಯಿತು, ಚರ್ಚಿನ ಗಂಟೆ, ಬ್ಲಜೆನಾ ಬುಟ್ಟಿ ಎತ್ತಿಕೊಂಡು ಬರುತ್ತಿದ್ದಾಳೆ, ಕೊಟ್ಟುಬಿಡು, ಇಷ್ಟೇ ಅಂದುಕೋ, ಚೀಟಿ ಕೀಳಲು ಉಗುರು ಹಾಕಿದ್ದಾಳೆ, ಅಂಟು ಬಿಡುತ್ತಿಲ್ಲ, ಮತ್ತೆ ಲವಂಗ, ಸುಮ್ಮನಿರು ಮೂಗೇ — ಸೋಂಪು —

ಜೇನು.

ಏನು ನೋಡ್ತಾ ನಿಂತೆ, ದಾರಿ ಬಿಡ್ಸು, ಗಾಡಿ ಒಳಗೆ ಬರ್ತಿಲ್ಲ. ಅಕ್ಕ. ತಲೆಗೆ ಹಳದಿ ಉಣ್ಣೆಯ ಟೋಪಿ, ಕೈಯಲ್ಲಿ ಕೋಲು, ಹಿಂದೆ ಕೈಗಾಡಿ, ಗಾಡಿಯ ಮೇಲೆ ಬಟ್ಟೆ ಹೊದಿಸಿದ ತಟ್ಟೆಗಳು, ಪ್ರೋಕೊಪ್ ಓಡಿ ಹೋಗಿ ಗಾಡಿ ಹಿಡಿದ, ಒತೀಲಿಯಮ್ಮ ಇಷ್ಟ್ ಹೊತ್ತಾ, ನಮ್ಮಮ್ಮಾವ್ರು ಒಳ್ಳೇ ಕೆಂಡದ ಮೇಲ್ ನಿಂತಂಗಿದ್ರು. ಹಿಮದಲ್ಲಿ ಗಾಲಿ ಸಿಕ್ಕಾಕೊಂಡ್ರೆ ಹಾರ್ಕೊಂಡ್ ಬರ್ಲಾ, ಎಂದು ಅಕ್ಕ ಒಂಬತ್ತನೇ ಮೇಜಿನ ಮೇಲೆ ಅಂಗೈ ಆಡಿಸಿದಳು, ಅಂಗೈ ನೋಡಿಕೊಂಡಳು, ತಂಗಿಯನ್ನು ನೋಡಿದಳು. ಒದ್ದೆ. ಯರ್ಮಿಲಾ ಏಪ್ರನ್ನಿನ ಗಂಟಿಗೆ ಕೈ ಹಾಕಿದಳು, ಮುಗಿಯಿತು, ಮತ್ತೆ ತೊಳೆದೆ, ಆರು ವರ್ಷ ಕಾದು ಮತ್ತೆ ಅದನ್ನೇ ಮಾಡಿದೆ. ನೀನು ಸತ್ರೂ ನಿನ್ ಸಮಾಧಿಕಲ್ಲನ್ನ ಒಳಗಿಂದ್ಲೇ ಒರೆಸ್ತಾ ಇರ್ತೀಯ ಕಣೇ, ಎಂದಳು ಅಕ್ಕ, ಬ್ಲಜೆನಾ ಕಿಸಕ್ಕೆಂದಳು, ಪ್ರೋಕೊಪ್ ಬೆನ್ನು ತಿರುಗಿಸಿ ಭುಜ ಕುಣಿಸಿದ, ಇವಳು ಏಪ್ರನ್ ಬಿಚ್ಚಿ ಮೇಜು ಒಣಗಿಸುತ್ತಾ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯದು, ಎದೆಯ ಮೇಲಿಂದ ಬೀಸುಕಲ್ಲು ಎತ್ತಿದ ಹಾಗೆ ಹಗುರ, ಉಸಿರು ಇಷ್ಟು ಕೆಳಗಿನವರೆಗೆ ಹೋಗುತ್ತದೆಂಬುದೇ ಮರೆತುಹೋಗಿತ್ತು, ಬೈದಳು, ಅಕ್ಕ ಬೈದಳು, ಬ್ಲಜೆನಾ, ಅರ್ಧ ಮೇಜು ನೀನು ತಗೊಳ್ಳಮ್ಮ ಎಂದಳು, ಅಕ್ಕಾ, ಕೊಡ್ಲಾ? ಕೊಡು, ಮೇಣ ನನ್ ಕಡೆ ಸುರೀದಿದ್ರೆ ಸಾಕು.

ಅಕ್ಕ ತಟ್ಟೆಯ ಬಟ್ಟೆ ತೆಗೆದಳು. ಕುದುರೆಗಳು, ಕಂದು ಬಣ್ಣದ ಹೊಳೆಯುವ ಕುದುರೆಗಳು, ಅದೇ ಅಚ್ಚಿನವು, ಅದೇ ಕಿವಿ, ಅದೇ ಸವಾರ, ಒಂದೊಂದರ ಹೊಟ್ಟೆಯ ಮೇಲೂ ದಾರದಷ್ಟು ಉಬ್ಬಿದ ಗೆರೆ, ಅಕ್ಕಾ ಇದು — ಹೂಂ ಅದೇ, ಅಂಟು ಹಾಕಿ ಕೂಡ್ಸಿದೀನಿ, ಸೀಳಿರೋ ಅಚ್ಚಲ್ಲಿ ಒತ್ತಿದ್ರೆ ಗೆರೆ ಬರ್ದೆ ಗುಲಾಬಿ ಬರತ್ತಾ. ಯಾವಾಗಿಂದ? ಮೊದಲ್ನೇ ವರ್ಷ ಅದನ್ನ ನೋಡಿದ್ರೇನೇ ಮೈ ಉರೀತಿತ್ತು, ಗೋಡೆ ಕಡೆ ಮುಖ ಮಾಡಿಟ್ಟಿದ್ದೆ, ಆಮೇಲೆ ಒಂದು ಪುಟ್ಟ ಹುಡುಗಿ ಬಂದು ಅಜ್ಜಿ ಅಜ್ಜಿ, ಈ ಕುದುರೆಗೆ ಜೀನು ಕಟ್ಟೋ ಪಟ್ಟಿ ಇದೆ ಅಂದ್ಲು, ನೋಡಿದ್ರೆ ಹೌದು ಕಣೇ, ಹೊಟ್ಟೆ ಸುತ್ತ ಸರಿಯಾದ ಜಾಗದಲ್ಲೇ ಇದೆ, ಕೆತ್ತಿದ ಮಹಾರಾಯ ಪಟ್ಟೀನೇ ಮರ್ತಿದ್ದ, ಇಷ್ಟ್ ವರ್ಷ ಆ ಸವಾರ ಅದ್ಹೆಂಗೆ ಬೀಳ್ದೆ ಕೂತಿದ್ನೋ, ಐದು ವರ್ಷದಿಂದ ಊರಿಗೆಲ್ಲ ಇದೇ ಕುದುರೆ ಬೇಕು. ಐದು ವರ್ಷ! ನಂಗ್ಯಾಕೆ ಹೇಳ್ಲಿಲ್ಲ? ನೀನ್ಯಾಕೆ ಕೇಳ್ಲಿಲ್ಲ? ಯಾರೋ ಮೂರು ಕುದುರೆ ಕೇಳಿದರು, ಅಕ್ಕ ಕಟ್ಟಿಕೊಟ್ಟಳು, ನಾಲ್ಕನೆಯದನ್ನು ತೆಗೆದು ಇತ್ತ ಚಾಚಿದಳು, ಹಬ್ಬಕ್ಕೆ ಪೂರ್ತಿ ಮೀನು ತಗೊ, ಅರ್ಧ ಇಬ್ರಿಗೆ ಸಾಲಲ್ಲ, ಹಿಡ್ಕೊ ಇದನ್ನ, ತೊಳೀಬೇಡ ಅಷ್ಟೇ. ಹಿಡಿದುಕೊಂಡಳು, ಇನ್ನೂ ತುಸು ಬೆಚ್ಚಗಿದೆ, ಪ್ರೋಕೊಪ್ ಏನೋ ಕೇಳುತ್ತಿದ್ದಾನೆ, ಯಾವ ಪೀಪಾಯಿ ತೆರೆಯಲಿ ಅಂತಲೋ ಏನೋ, ಹೇಳಬೇಕು, ಹೇಳುತ್ತಾಳೆ, ಹೆಬ್ಬೆರಳು ಕುದುರೆಯ ಬೆನ್ನಿನಿಂದ ಕೆಳಗಿಳಿಯಿತು, ಹೊಟ್ಟೆಯ ಮೇಲೆ ನಿಂತಿತು, ಅಲ್ಲಿ ಆ ಗೆರೆ, ಬೆರಳಿಗೆ ಸಿಗುವಷ್ಟೇ ಎತ್ತರ, ಆ ಗೆರೆ.