ಕಿರುಚುವ ಬೆಂಚು

ನಮ್ಮ ಮನೆಯ ಊಟದ ಮೇಜಿನ ಮೇಲೆ ಲೋಟ ಇಟ್ಟು ಕೈ ಬಿಟ್ಟರೆ, ಅದು ಮೆಲ್ಲಗೆ ಜಾರಿಕೊಂಡು ಹೋಗಿ ಮಾವನವರ ಮುಂದೆ ನಿಲ್ಲುತ್ತದೆ. ಮಾವನವರು ಕುಡಿದು ಸುಮ್ಮನಾಗುತ್ತಾರೆ. ಆ ಮೇಜು ಅತ್ತೆಯವರು ಕಸುಬು ಕಲಿಯುವಾಗ ಕೆಡಿಸಿದ್ದು. ಕೆಳಗೆ ಅವರ ಮರಗೆಲಸದ ಕಾರ್ಖಾನೆ, ಮೇಲೆ ನಮ್ಮ ಮನೆ. ಅಲ್ಲಿ ಅತ್ತೆಯವರದೇ ನಿಯಮ: ಯಾರು ಏನು ಕೆಡಿಸಿದರೂ ಗಿರಾಕಿಗೆ ಹೊಸದು ಮಾಡಿಕೊಡಬೇಕು, ಕೆಟ್ಟದ್ದನ್ನು ಮೇಲಕ್ಕೆ ತಂದು ಅದರ ಜೊತೆಯಲ್ಲೇ ಬಾಳಬೇಕು. "ದಿನಾ ಚುಚ್ಚಿದ್ರೆ ತಾನೆ ನೆನಪಿರೋದು" ಎನ್ನುತ್ತಾರೆ.

ಹೀಗಾಗಿ ಮನೆ ತುಂಬ ನಾದಿನಿ ಕೆಡಿಸಿದ ಸಾಮಾನೇ. ಒದ್ದರೆ ಮಾತ್ರ ತೆರೆಯುವ ಬೀರು, ಕುಳಿತವರನ್ನು ಗೋಡೆಯ ಕಡೆ ತಿರುಗಿಸಿಬಿಡುವ ಕುರ್ಚಿ, ಒಂದೇ ಮಗ್ಗುಲಿಗೆ ಮಲಗಬೇಕಾದ ಮಂಚ. ಅವಳು ಹೆಬ್ಬೆರಳಿಗೆ ಸದಾ ಬಟ್ಟೆ ಸುತ್ತಿಕೊಂಡಿರುತ್ತಾಳೆ; ನಕ್ಕರೆ ಬೀದಿಗೆ ಕೇಳಿಸುತ್ತದೆ. ಅವಳ ಅಣ್ಣ, ಅಂದರೆ ನನ್ನ ಗಂಡ ಕೆಡಿಸಿದ್ದು ಅಂತ ಒಂದು ಮೊಳೆಯೂ ಮೇಲೆ ಬಂದಿರಲಿಲ್ಲ.

ಅವರು ಕೆಡಿಸುತ್ತಿರಲಿಲ್ಲವೆಂದಲ್ಲ. ಬಾಗಿಲು ಸೊಟ್ಟಗಾದರೆ ಮರ ಹಸಿ. ಕುರ್ಚಿ ಮುರಿದರೆ ಗಿರಾಕಿ ದಪ್ಪ. ಕಪಾಟು ವಾಲಿದರೆ ಆ ಮನೆಯ ನೆಲವೇ ಸರಿಯಿಲ್ಲ. ಗಿರಾಕಿಗಳು ವಾದ ಮಾಡಿ ಸೋತು, ಕಾಲಿನ ಕೆಳಗೆ ರಟ್ಟು ಮಡಚಿಟ್ಟುಕೊಂಡು ತೆಪ್ಪಗಾಗುತ್ತಿದ್ದರು. ಬೀದಿಯವರು ಬೆನ್ನ ಹಿಂದೆ ಅವರನ್ನು ನೆಪರಾಯರು ಎನ್ನುವುದು ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ, ಸಂಸಾರ ಮಾಡಬೇಕಲ್ಲ.

ಆಗ ಹೊಸ ಗ್ರಂಥಾಲಯದ ಕೆಲಸ ಬಂತು. ಓದುವ ಕೋಣೆಗೆ ಮೇಜು, ಬೆಂಚು, ಗೋಡೆ ತುಂಬ ಕಪಾಟು. ಅಷ್ಟು ದೊಡ್ಡ ಕೆಲಸ ನಮಗೆ ಎಂದೂ ಸಿಕ್ಕಿರಲಿಲ್ಲ. ಅತ್ತೆಯವರ ಮೊಣಕಾಲು ಸೋತಿತ್ತು. ಮುಂದೆ ನಿಂತು ಮಾಡಿಸಲು ಮಗನೋ ಮಗಳೋ ಒಬ್ಬರನ್ನು ಆರಿಸಬೇಕಿತ್ತು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಅಮ್ಮ?" ಎಂದರು ನನ್ನ ಗಂಡ. "ಈ ಮನೇಲಿ ನಾನು ಕೆಡಿಸಿದ್ದು ಅಂತ ಒಂದು ಸಾಮಾನು ತೋರ್ಸು ನೋಡೋಣ."

"ಅದೇ ಕಣೋ ನಂಗೆ ಭಯ" ಎಂದರು ಅತ್ತೆ.

ಮಾರನೆಯ ಬೆಳಿಗ್ಗೆ ಹಲ್ಲಿನ ಡಾಕ್ಟರು ಕಾರ್ಖಾನೆಗೆ ಬಂದರು. ಅವರ ಕ್ಲಿನಿಕ್ಕಿಗೆ, ಕಾಯುವವರು ಕೂರಲೆಂದು, ನನ್ನ ಗಂಡ ಉದ್ದನೆಯ ಬೆಂಚು ಮಾಡಿಕೊಟ್ಟಿದ್ದರು.

"ನಿಮ್ಮ ಬೆಂಚು ಕಿರುಚುತ್ತೆ ಕಣ್ರೀ."

"ಹೊಸದು ಡಾಕ್ಟ್ರೇ, ಸ್ವಲ್ಪ ಕಿರ್ ಅನ್ನುತ್ತೆ."

"ಕಿರ್ ಅಲ್ಲ, ಮನುಷ್ಯರ ಥರ ಕಿರುಚುತ್ತೆ. ನಾನು ಒಬ್ರನ್ನ ಒಳಗೆ ಕರ್ಕೊಂಡು ಬಾಗಿಲು ಹಾಕ್ತೀನಿ, ಹೊರಗೆ ಕೂತೋರು ಸ್ವಲ್ಪ ಅಲ್ಲಾಡ್ತಾರೆ, ಶುರು. ಕೇಳಿದೋರಿಗೆ ಒಳಗಿಂದ ಬಂದ ಹಾಗೇ ಇರುತ್ತೆ. ನಿನ್ನೆ ಒಬ್ರು ಛತ್ರೀನೂ ಬಿಟ್ಟು ಓಡಿದ್ರು."

"ನಿಮ್ಮ ರೋಗಿಗಳು ಹೆದ್ರಿ ನಡುಗ್ತಾರೆ. ಆ ನಡುಕಾನ ಯಾವ ಬೆಂಚು ತಡ್ಕೊಳ್ಳುತ್ತೆ? ಧೈರ್ಯ ಇರೋರು ಕೂತು ನೋಡ್ಲಿ."

"ಹಾಗಾದ್ರೆ ನೀವೇ ಬಂದು ಕೂತ್ಕೊಳ್ಳಿ."

ಹೋದರು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದರು.

ಬೆಂಚಿನ ತುದಿಯಲ್ಲಿ ಕೆನ್ನೆ ಊದಿದ ಮುದುಕರೊಬ್ಬರು ಕುಳಿತಿದ್ದರು. ನನ್ನ ಗಂಡ ಅವರ ಪಕ್ಕ ಎದೆ ಸೆಟೆಸಿ, ಉಸಿರು ಬಿಗಿಹಿಡಿದು, ಕೊರಡಿನಂತೆ ಕುಳಿತರು. ಬೆಂಚು ಸುಮ್ಮನಿತ್ತು. "ನೋಡಿದ್ಯಾ" ಎನ್ನಲು ನನ್ನ ಕಡೆ ಇಷ್ಟೇ ಇಷ್ಟು ವಾಲಿದರು.

ಅಂಥ ಕೂಗನ್ನು ನಾನು ಹೆರಿಗೆ ವಾರ್ಡಿನಲ್ಲೂ ಕೇಳಿರಲಿಲ್ಲ. ಮುದುಕರು ದಡಕ್ಕನೆ ಎದ್ದರು. ಅವರು ಎದ್ದದ್ದಕ್ಕೆ ಬೆಂಚು ಇನ್ನೊಮ್ಮೆ ಕೂಗಿತು.

"ನನ್ನ ಹಲ್ಲು ವಾಸಿಯಾಯ್ತು" ಎಂದು ಬಾಗಿಲ ಕಡೆ ಹೊರಟರು.

"ಅಜ್ಜಾ, ಒಳಗೆ ಯಾರಿಗೂ ಏನೂ ಆಗಿಲ್ಲ. ಕೂಗಿದ್ದು ಬೆಂಚು" ಎಂದೆ ನಾನು.

"ಬೆಂಚನ್ನೇ ಹೀಗೆ ಕೂಗಿಸೋರು ನನ್ನ ಬಿಡ್ತಾರೇನಮ್ಮ?"

ನನ್ನ ಗಂಡ ಕಾರಣ ಹುಡುಕುತ್ತಿದ್ದರು. ನೆಲ ನೋಡಿದರು, ಎಲ್ಲೂ ಏರುಪೇರಿಲ್ಲ. ಕಿಟಕಿ ನೋಡಿದರು, ಬಿಸಿಲು ಬೀಳುತ್ತಿರಲಿಲ್ಲ. ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ತೂಕದ ಮಾತು ಎತ್ತಿದ್ರೆ ನೋಡಿ ಮತ್ತೆ" ಎಂದೆ.

ಎತ್ತಲಿಲ್ಲ. ಕೆನ್ನೆ ಒತ್ತಿಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಮುದುಕರನ್ನೇ ನೋಡುತ್ತ ನಿಂತರು. ನೋವು ಆ ಬೆನ್ನಿನಲ್ಲೂ ಕಾಣುತ್ತಿತ್ತು. ಆಮೇಲೆ ಓಡಿಹೋಗಿ ಅವರ ಕೈ ಹಿಡಿದು ಕರೆತಂದು, ಡಾಕ್ಟರ ಕೋಣೆಯೊಳಗೆ ಬಿಟ್ಟು ಬಂದು, "ಆ ಕಡೆ ಹಿಡ್ಕೋ" ಎಂದು ಬೆಂಚಿಗೆ ಕೈ ಹಾಕಿದರು.

ಬೀದಿಯುದ್ದಕ್ಕೂ ಬೆಂಚು ಅಳುತ್ತ ಬಂತು. ಸಲೂನಿನವರು ಕತ್ತರಿ ಹಿಡಿದೇ ಹೊರಗೆ ಬಂದರು.

"ಯಾರಿಗೆ ಏನಾಯ್ತು ನೆಪರಾಯರೇ?" ಬಾಯಿತಪ್ಪಿ ಅಂದುಬಿಟ್ಟು ನಾಲಗೆ ಕಚ್ಚಿಕೊಂಡರು.

"ಬೆಂಚು. ನಾನು ಮಾಡಿದ್ದು. ಕೆಟ್ಟಿದೆ" ಎಂದರು ನನ್ನ ಗಂಡ. ನಾಲ್ಕು ಹೆಜ್ಜೆ ನಡೆದ ಮೇಲೆ, "ಅವ್ನು ನನ್ನ ಏನಂತ ಕರೆದ?"

"ಮುಂದೆ ನೋಡ್ಕೊಂಡು ನಡೀರಿ."

ಮನೆಗೆ ತಂದವರು ಮೊದಲು ಮೊಳೆ ಹೊಡೆದರು. ಕೂಗು ನಿಲ್ಲಲಿಲ್ಲ, ದನಿ ಗಂಡಸಿನದಾಯಿತು. ಕೊನೆಗೆ ಪೂರ್ತಿ ಬಿಚ್ಚಿಹಾಕಿದರು. ಅಂದಿನ ಊಟದ ಹೊತ್ತಿಗೆ ತಟ್ಟೆ ನೋಡಿಕೊಂಡೇ ಹೇಳಿದರು:

"ಕಾಲಿನ ತುದೀನ ಹಲಗೇಲಿರೋ ತೂತಿಗಿಂತ ಸಣ್ಣಗೆ ಕೊಯ್ದಿದ್ದೆ. ಆಗ್ಲೇ ಗೊತ್ತಾಗಿತ್ತು. ಇನ್ನೊಂದು ಕಾಲು ಮಾಡೋಕೆ ಬೇಜಾರಾಗಿ, ಮರದ ಪುಡಿ, ಅಂಟು ತುಂಬಿ ಬಣ್ಣ ಹೊಡೆದೆ."

"ಮರ ಹಸಿ ಇತ್ತೇನೋ?" ಎಂದು ಮಾವನವರು ಮಗನಿಗೊಂದು ದಾರಿ ಮಾಡಿಕೊಟ್ಟರು.

"ಇಲ್ಲ ಅಪ್ಪ, ಚೆನ್ನಾಗಿ ಒಣಗಿತ್ತು."

ಕೆಟ್ಟದ್ದನ್ನು ಹಾಗೇ ಮತ್ತೆ ಜೋಡಿಸಿ ಮೇಲೆ ತಂದಿಟ್ಟು, ಡಾಕ್ಟರಿಗೆ ಹೊಸ ಬೆಂಚು ಮಾಡಿದರು. ಒಂದು ಕಾಲು ಸಡಿಲವೆನಿಸಿ ಎಸೆದು, ಮತ್ತೆ ಕೊಯ್ದರು. ನಮ್ಮೆಲ್ಲರನ್ನೂ ಅದರ ಮೇಲೆ ಕೂರಿಸಿ, ಏಳಿಸಿ, ಕುಣಿಸಿದರು. ಬೆಂಚು ತುಟಿಪಿಟಕ್ಕೆನ್ನಲಿಲ್ಲ. ಅದನ್ನು ತಲುಪಿಸಿ ಬಂದವರೇ ಅತ್ತೆಯವರ ಮುಂದೆ ನಿಂತರು.

"ಅಮ್ಮ, ಈಗ ಗ್ರಂಥಾಲಯದ ಕೆಲ್ಸ ಯಾರಿಗೆ?"

"ನಿನ್ನ ತಂಗಿಗೆ."

"ನಾನು ತಪ್ಪು ಒಪ್ಕೊಂಡೆನಲ್ಲಮ್ಮ."

"ಒಂದನ್ನ ಒಪ್ಕೊಂಡೆ ಕಣಪ್ಪ, ಸಂತೋಷ. ಅವಳು ಒಪ್ಕೊಂಡಿದ್ದನ್ನೆಲ್ಲ ಮನೇಲಿ ದಿನಾ ಎಡವ್ಕೊಂಡು ಓಡಾಡ್ತೀಯಲ್ಲ."

ನಾನು ಬಡಿಸಿಟ್ಟಿದ್ದ ತಟ್ಟೆ ಮುಟ್ಟದೆ ನನ್ನ ಗಂಡ ದಡದಡನೆ ಕೆಳಗಿಳಿದರು. ಅಣ್ಣ ತಂಗಿಗೆ ಜಗಳವಾದೀತೆಂದು ನಾನೂ ಹಿಂದೆಯೇ ಹೋದೆ. ನಾದಿನಿ ನೆಲದ ಮೇಲೆ ಸೀಮೆಸುಣ್ಣದಿಂದ ಓದುವ ಕೋಣೆಯ ನಕ್ಷೆ ಬರೆಯುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಶಭಾಷ್ ಅನ್ನೋಕೆ ಬಂದ್ಯಾ ಅಣ್ಣ, ಜಗಳಕ್ಕೆ ಬಂದ್ಯಾ?"

"ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗೋವರೆಗೂ ಬೆಂಚೆಲ್ಲ ನೀನೇ ಮಾಡು. ಓದೋ ಕೋಣೇಲಿ ಸೂಜಿ ಬಿದ್ರೂ ಕೇಳಿಸುತ್ತೆ. ನಾನು ಕೆಡಿಸಿರೋದ್ರಲ್ಲಿ ಬೆಂಚೊಂದು ಬಿಟ್ಟು ಎಲ್ಲ ಇದೆ. ಅದು ಯಾಕೆ ಕಿರುಚುತ್ತೆ ಅಂತ ಇಲ್ಲಿ ಗೊತ್ತಿರೋದು ನಿಂಗೊಬ್ನಿಗೇ."

ನನ್ನ ಗಂಡ ಅಂಗಿಯ ತೋಳು ಮಡಚಿ, ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತು, "ಉದ್ದ ಎಷ್ಟು ಬೇಕು ಹೇಳಮ್ಮ" ಎಂದರು. ನಂತರ ನನ್ನ ಕಡೆ ತಿರುಗಿ, "ಊಟ ಇಲ್ಲಿಗೇ ತಂದ್ಬಿಡೇ."