ಜೋಡಿ ಚಂದಾ

ಹಣ ಹೋಗಿತ್ತು. ಅರ್ಧ ಗಡ್ಡ ಕೆರೆದು ಇನ್ನರ್ಧಕ್ಕೆ ನೊರೆ ಬಳಿದುಕೊಂಡು ನಿಂತಿದ್ದಾಗ ಫೋನು ಕಿಣಿಕ್ಕೆಂದಿತು. ಒದ್ದೆ ಬೆರಳಲ್ಲೇ ಒತ್ತಿ ನೋಡಿದ. ಹಾಡು ಕೇಳಿಸುವ ಕಂಪನಿಯವರು ಅವನ ಜೋಡಿ ಚಂದಾವನ್ನು ತಾವಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿಸಿ, ಹೋದ ವರ್ಷದ ಒಂದೂವರೆ ಪಟ್ಟು ಹಣವನ್ನು ಅವನ ಖಾತೆಯಿಂದ ಎಳೆದುಕೊಂಡಿದ್ದರು. 'ನಮ್ಮೊಂದಿಗೆ ಇರುವುದಕ್ಕೆ ಧನ್ಯವಾದ' ಎಂದು ಕೊನೆಗೊಂದು ಹೂವಿನ ಚಿತ್ರ ಬೇರೆ.

"ಹಗಲು ದರೋಡೆ," ಎಂದ ಕನ್ನಡಿಗೆ. ಕನ್ನಡಿಯಲ್ಲಿದ್ದವನು ಅರ್ಧ ಮುಖದಲ್ಲಿ ಹೌದೆಂದ.

ಆಮೇಲೆ ಗಡಿಯಾರ ನೋಡಿದ. ಆರೂವರೆಗೆ ಒಂದು ನಿಮಿಷ. ಸಿಟ್ಟನ್ನು ಅಲ್ಲಿಗೇ ತಡೆದು ಹಾಡಿನ ಆ್ಯಪ್ ತೆರೆದ. ಅದರಲ್ಲಿ ಎರಡು ಹೆಸರು. ಮೇಲೆ ಅವನದು, ಕೆಳಗೆ 'ಗುಬ್ಬಿ'. ಚಂದಾ ತೆಗೆದುಕೊಂಡ ದಿನ ಹೆಂಡತಿ ತಾನೇ ಹಾಗೆ ಬರೆದುಕೊಂಡಿದ್ದಳು. ಮದುವೆಯ ಹೊಸದರಲ್ಲಿ ಅವನು ಅವಳನ್ನು ಹಾಗೆ ಕರೆಯುತ್ತಿದ್ದ. ಆಮೇಲೆ ಯಾವಾಗಲೋ ಬಿಟ್ಟಿದ್ದ.

ಆರೂವರೆಗೆ ಸರಿಯಾಗಿ ಗುಬ್ಬಿಯ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. 'ಈಗ ಕೇಳುತ್ತಿದ್ದಾರೆ.' ಅದರ ಕೆಳಗೆ ಹಾಡಿನ ಹೆಸರು, ಮೆಲ್ಲಗೆ ಸರಿಯುವ ಒಂದು ಗೆರೆ.

ಸದ್ಯ, ಎದ್ದಿದ್ದಾಳೆ. ಅವನು ಉಳಿದರ್ಧ ಗಡ್ಡ ಕೆರೆದ.

ಅವಳು ಹೋಗಿ ಎರಡು ವರ್ಷದ ಮೇಲೆ ಎರಡು ತಿಂಗಳು. "ಅಕ್ಕನ ಮನೆಗೆ ಹೋಗಿಬರ್ತೀನಿ," ಎಂದಿದ್ದಳು. ಹೋದಳು, ಬರಲಿಲ್ಲ. ಜಗಳವಾಗಿರಲಿಲ್ಲ, ವಕೀಲರ ಮುಖ ಇಬ್ಬರೂ ನೋಡಲಿಲ್ಲ. ಬೇಡವೆಂದು ಯಾರೂ ಹೇಳದೆ ಇದ್ದದ್ದರಿಂದ ಮದುವೆಯೂ ವರ್ಷ ವರ್ಷ ತಾನಾಗಿಯೇ ಮುಂದುವರಿಯುತ್ತಿತ್ತು. ಮೊದಮೊದಲು ಅವನು ಫೋನು ಮಾಡುತ್ತಿದ್ದ. ಊಟ ಆಯ್ತಾ, ಆಯ್ತು. ಅಕ್ಕ ಹೇಗಿದ್ದಾರೆ, ಇದ್ದಾರೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಈ ಚುಕ್ಕೆ ಕಣ್ಣಿಗೆ ಬಿತ್ತು. ಆಮೇಲೆ ಫೋನು ಬೇಕೆನಿಸಲಿಲ್ಲ.

ಎಲ್ಲೋ ಒಂದು ಅಡುಗೆಮನೆಯಲ್ಲಿ ಅವಳು ಕಾಫಿಗೆ ನೀರಿಟ್ಟು ಹಾಡು ಹಾಕಿಕೊಂಡಿದ್ದಾಳೆ. ಅದೇ ಇಪ್ಪತ್ತೆರಡು ಹಾಡು, ಅದೇ ಸರದಿ, ಭಾನುವಾರವೂ ತಪ್ಪಿಸುವುದಿಲ್ಲ. ಅವಳು ಬದಲಾಗಿಲ್ಲ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ತನ್ನ ಚಂದಾದಲ್ಲಿ ಅವಳು ಹಾಡು ಕೇಳುತ್ತಿರುವ ತನಕ ಒಂದು ಕಾಲು ಹೊಸಿಲಿನ ಈಚೆಗೇ ಇದೆ ಎಂದು ಅವನ ನಂಬಿಕೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಕಾದುಕೊಂಡಿದ್ದ.

ಒಂದೇ ಒಂದು ಸಲ ಚುಕ್ಕೆ ಹೊತ್ತಿರಲಿಲ್ಲ. ಅವತ್ತು ಅವನ ಕಟ್ಟಡದಲ್ಲಿ ಬೆಳಿಗ್ಗೆಯೆಲ್ಲ ಕರೆಂಟಿರಲಿಲ್ಲ. ಮಂಚದ ತುದಿಯಲ್ಲಿ ಕೂತು, ಜ್ವರವೇನಾದರೂ ಬಂದಿದೆಯೋ, ಆಸ್ಪತ್ರೆಗೇನಾದರೂ ಸೇರಿಸಿದ್ದಾರೋ ಎಂದು ಕಂಗಾಲಾಗಿ, 'ಹುಷಾರಾಗಿದ್ದೀಯಾ?' ಎಂದು ಬರೆದ, ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ. ಮರುದಿನ ಚುಕ್ಕೆ ಬಂತು. ಕಳಿಸದೆ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ.

ಅವನು ಕೆಲಸಕ್ಕಿದ್ದದ್ದು ಲಿಫ್ಟ್ ಕಂಪನಿಯಲ್ಲಿ. ಲಿಫ್ಟಿಗೆ ಕೈ ಹಚ್ಚಿದವನಲ್ಲ. ವರ್ಷಾವಧಿ ರಿಪೇರಿಯ ಕರಾರುಪತ್ರ ಬರೆಯುವವನು. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಕಿಟಕಿಯಾಚೆ ಅದೇ ನೀರಿನ ಟ್ಯಾಂಕು. ಆಫೀಸಿನಲ್ಲಿ ಅವನ ಹೆಸರೇ ಕರಾರು ಎಂದಾಗಿಹೋಗಿತ್ತು.

"ಕರಾರು, ಹಳೇ ಗಿರಾಕಿಗಳಿಗೆ ಈ ಸಲ ರೇಟು ಏರಿಸ್ತಿದ್ದೀವಿ. ಕಾಗದ ರೆಡಿ ಮಾಡಿ," ಎಂದರು ಮ್ಯಾನೇಜರು, ನಿಂತುಕೊಂಡೇ.

"ಹೊಸಬರಿಗೆ?"

"ಹೊಸಬರಿಗೆ ಕಮ್ಮಿ. ಅವರು ಬರಬೇಕಲ್ಲ."

"ಹಳಬರು..."

"ಹಳಬರು ಎಲ್ಲಿ ಹೋಗ್ತಾರೆ ಬಿಡ್ರೀ. ನೋಡಿ, ಹೇಳಿರಬೇಕು, ಆದ್ರೆ ಗೊತ್ತಾಗಬಾರದು. ನಿಮಗೆ ನಾನು ಹೇಳ್ಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಎರಡನೇ ಪುಟದ ನಾಲ್ಕನೇ ಪ್ಯಾರಾ ಅವನದೇ ಕೈಕೆಲಸ: 'ಮೂವತ್ತು ದಿನಗಳೊಳಗೆ ತಮ್ಮಿಂದ ಉತ್ತರ ಬಾರದಿದ್ದಲ್ಲಿ ತಮ್ಮ ಮೌನವನ್ನೇ ಸಮ್ಮತಿಯೆಂದು ಭಾವಿಸಲಾಗುವುದು.' ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದಾಗ ಕಂಪನಿ ಖುಷಿಪಟ್ಟು ಅವನಿಗೊಂದು ಗೋಡೆ ಗಡಿಯಾರ ಕೊಟ್ಟಿತ್ತು. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ಹೋಗಿ ಹೆಂಡತಿಗೆ ಆ ವಾಕ್ಯ ಓದಿ ಹೇಳಿದ್ದ. ಅವಳು ತಟ್ಟೆ ಒರೆಸುತ್ತಾ ಸುಮ್ಮನಿದ್ದಳು. ಅವಳಿಗೂ ಇಷ್ಟವಾಗಿದೆ ಎಂದುಕೊಂಡಿದ್ದ.

ಲಿಫ್ಟಿನ ಮೇಸ್ತ್ರಿ ಹಿಂದಿನಿಂದ ಬಂದು ಕಂಪ್ಯೂಟರಿನಲ್ಲಿ ಇಣುಕಿದರು. ಕೈಯಲ್ಲಿ ಗ್ರೀಸು ಮೆತ್ತಿದ ಬಟ್ಟೆ.

"ಮತ್ತೆ ನಾಲ್ಕನೇ ಪ್ಯಾರಾನಾ ಸರ್? ನಿಮ್ಮ ಕಾಗದ ಓದೋದಕ್ಕಿಂತ ಹಗ್ಗ ಹಿಡ್ಕೊಂಡು ಹತ್ತನೇ ಮಹಡಿ ಏರೋದೇ ವಾಸಿ."

"ಇವತ್ತು ಬೆಳಿಗ್ಗೆ ನನಗೂ ಒಬ್ರು ಹೀಗೇ ಟೋಪಿ ಹಾಕಿದ್ರು ಮೇಸ್ತ್ರಿ."

"ಯಾರಪ್ಪಾ ಅಂಥಾ ಗಂಡಸು?"

"ಹಾಡಿನವರು."

ಮೇಸ್ತ್ರಿ ಹೊಟ್ಟೆ ಕುಲುಕಿಸಿ ನಕ್ಕರು. "ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ನೆ ಹೇಳ್ತಾರಾ?" ಎಂದು ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋದರು.

ಅವನು ನಗಲು ನೋಡಿದ, ಆಗಲಿಲ್ಲ. ಮೇಲ್ ಹುಡುಕಿದ. ಜಾಹೀರಾತುಗಳ ಕಸದ ನಡುವೆ, ಮೂವತ್ತೊಂದು ದಿನದ ಹಿಂದೆ ಬಂದ ಕಾಗದ ತೆರೆಯದೆ ಬಿದ್ದಿತ್ತು. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇವೆ ಎಂಬ ಮಾತು ಅದರಲ್ಲೂ ಇತ್ತು. ಅವನಿಗಿಂತ ಚೆನ್ನಾಗಿಯೇ ಬರೆದಿದ್ದರು. ಅದು ಇನ್ನಷ್ಟು ಉರಿಸಿತು.

ಮಧ್ಯಾಹ್ನ ಡಬ್ಬಿ ಬಿಚ್ಚದೆ ಮೆಟ್ಟಿಲ ತಿರುವಿಗೆ ಹೋಗಿ ಕಂಪನಿಗೆ ಫೋನು ಮಾಡಿದ. ಒಂದು ಒತ್ತಿ, ಮೂರು ಒತ್ತಿ, ಸೊನ್ನೆ ಒತ್ತಿ, ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ ಸರ್."

"ಏನರ್ಥವಾಗುತ್ತೆ? ಒಂದು ಮಾತು ಕೇಳದೆ ದುಡ್ಡು ಕಿತ್ಕೊಂಡಿದ್ದೀರಿ."

"ಕಾಗದ ಕಳಿಸಿದ್ವಿ ಸರ್. ನೀವು ಉತ್ತರ ಕೊಡ್ಲಿಲ್ಲ."

"ಉತ್ತರ ಕೊಡದಿದ್ರೆ ಬೇಕು ಅಂತ ಅರ್ಥಾನಾ?" ಎಂದುಬಿಟ್ಟ. ಅಂದಮೇಲೆ ತನ್ನ ದನಿ ತನಗೇ ಕೇಳಿ ಕಿವಿ ಬಿಸಿಯಾಯಿತು.

"ಹೌದು ಸರ್," ಎಂದಳು ಹುಡುಗಿ, ಮುಗ್ಧವಾಗಿ. "ಒಂದು ದಾರಿಯಿದೆ. ಎರಡನೆಯವರ ಹೆಸರು ತೆಗೆದು ಒಂಟಿ ಚಂದಾ ಮಾಡ್ಕೊಳ್ಳಿ. ಅರ್ಧಕ್ಕರ್ಧ ಉಳಿಯುತ್ತೆ."

"ಅದಾಗಲ್ಲ. ಅವಳು ದಿನಾ ಕೇಳ್ತಾಳೆ."

ಆ ಕಡೆ ಕೀಲಿಗಳ ಟಕಟಕ.

"ಇಲ್ವಲ್ಲ ಸರ್. ಅವರು ತಮ್ಮ ಫೋನಿನಿಂದ ಕೇಳಿ ಎರಡು ವರ್ಷದ ಮೇಲಾಯ್ತು."

"ಏನಮ್ಮಾ ನೀನು, ಇವತ್ತು ಬೆಳಿಗ್ಗೆ ನಾನೇ ನೋಡಿದೀನಿ!"

"ಅದು ಸ್ಪೀಕರ್ ಸರ್. 'ಅಡುಗೆಮನೆ' ಅಂತ ಹೆಸರಿಟ್ಟಿದಾರೆ. ಆರೂವರೆಗೆ ಅಲಾರಂ ಇದೆ. ತಾನೇ ಶುರುವಾಗುತ್ತೆ, ತಾನೇ ನಿಲ್ಲುತ್ತೆ."

"ಇರಬಹುದು. ಅವಳು ಅವಳ ಅಕ್ಕನ ಮನೇಲಿ..."

"ನಿಮ್ಮ ಫೋನಿಗಿರೋ ಮನೆ ವೈಫೈನೇ ಅದಕ್ಕೂ ಇದೆ ಸರ್. ಒಂದೇ ಮನೆ."

ಅವನಿಗೆ ಕರೆಂಟಿಲ್ಲದ ಆ ಬೆಳಿಗ್ಗೆ ನೆನಪಾಯಿತು.

"ಸರ್? ಇದ್ದೀರಾ? ಸಂಜೆ ಏಳರೊಳಗೆ ಹೇಳಿದ್ರೆ ಅವರ ಹೆಸರು ತೆಗೆದು ಅರ್ಧ ಹಣ ವಾಪಸ್ ಮಾಡ್ತೀವಿ. ಹೇಳದೇ ಇದ್ರೆ..."

"ಗೊತ್ತು," ಎಂದ.

ಮೇಜಿಗೆ ಬಂದು ಕಾಗದ ಮುಗಿಸಿದ. ಮ್ಯಾನೇಜರು ಓದಿ ಭೇಷ್ ಎಂದರು. ನಾಲ್ಕನೇ ಪ್ಯಾರಾದಲ್ಲಿ ಅವನು ಒಂದಕ್ಷರವನ್ನೂ ಮುಟ್ಟಿರಲಿಲ್ಲ.

ಆರೂಕಾಲಿಗೆಲ್ಲ ಮನೆ ಸೇರಿದ. ಚಪ್ಪಲಿ ಬಿಡದೆ ಅಡುಗೆಮನೆಗೆ ನಡೆದ. ಅವಳು ಹೋದಮೇಲೆ ಅಲ್ಲಿ ಅವನು ಬಳಸುತ್ತಿದ್ದದ್ದು ನೀರಿನ ಕೊಳಾಯಿ, ಒಂದು ಒಲೆ, ಒಂದು ಲೋಟ. ಎಡಗಡೆಯ ಗೂಡು ಅವಳದು. ಅದಕ್ಕೆ ಅವನ ಕೈ ಹೋದದ್ದೇ ಇಲ್ಲ. ಈಗ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದ. ಹಿಂದೆ, ಜೇಡರ ಬಲೆಯೊಳಗೆ, ಅಂಗೈಯಗಲದ ದುಂಡನೆಯ ಸ್ಪೀಕರ್ ಪೆಟ್ಟಿಗೆ. ಅದರ ತಂತಿ ಫ್ರಿಜ್ಜಿನ ಹಿಂದಕ್ಕೆ ಇಳಿದಿತ್ತು. ಸಣ್ಣಗೊಂದು ಬಿಳಿ ದೀಪ ಉರಿಯುತ್ತಿತ್ತು. ಸದ್ದಿನ ತಿರುಪು ಪೂರ್ತಿ ಎಡಕ್ಕೆ, ಸೊನ್ನೆಯಲ್ಲಿತ್ತು.

ಅದು ಸೊನ್ನೆಗೆ ಹೇಗೆ ಬಂತು ಎಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಆರೂವರೆಗೆ ಅವಳು ಹಾಡು ಹಾಕಿಕೊಂಡು ಒಲೆ ಹಚ್ಚಿದರೆ, ಇವನು ಹಾಸಿಗೆಯಿಂದಲೇ "ಸ್ವಲ್ಪ ಕಮ್ಮಿ ಮಾಡು," ಎನ್ನುತ್ತಿದ್ದ. ಅವಳು ಕಮ್ಮಿ ಮಾಡುತ್ತಿದ್ದಳು. ಮರುದಿನ ಇನ್ನೂ ಸ್ವಲ್ಪ. ಒಂದು ದಿನ ಸದ್ದೇ ಇರಲಿಲ್ಲ. ನೀರು ಕುಡಿಯಲು ಎದ್ದು ಬಂದವನು ಬಾಗಿಲಲ್ಲಿ ನಿಂತು ನೋಡಿದ: ಅವಳು ಹಾಲು ಕಲಕುತ್ತಿದ್ದಳು, ಪೆಟ್ಟಿಗೆಯ ದೀಪ ಹಸಿರಾಗಿತ್ತು, ಅವಳ ತುಟಿ ಮಾತ್ರ ಹಾಡಿನ ಜೊತೆ ಆಡುತ್ತಿತ್ತು. "ಈಗ ಸರಿಯಾಯ್ತಾ?" ಎಂದು ಕೇಳಿದಳು. "ಹಾಂ," ಎಂದು ಹೋಗಿ ಅವನು ಇನ್ನರ್ಧ ಗಂಟೆ ಮಲಗಿದ. ಆಮೇಲೆ ಎಷ್ಟು ತಿಂಗಳು ಹಾಗೇ ನಡೆಯಿತೋ, ಅವನು ಲೆಕ್ಕವಿಟ್ಟಿಲ್ಲ.

ಹಾಡೊಂದೇ ಅಲ್ಲ. ಅವನ ಆಫೀಸಿಗೆ ಹತ್ತಿರವೆಂದು ಈ ಮನೆಗೆ ಬಂದಾಗ ಅವಳ ಸ್ಕೂಲಿನ ಕೆಲಸ ಹೋಯಿತು, ಸುಮ್ಮನಿದ್ದಳು. ಮಗುವಿನ ಮಾತು ಬಂದಾಗಲೆಲ್ಲ 'ಮುಂದಿನ ವರ್ಷ ನೋಡೋಣ' ಎಂದ, ಸುಮ್ಮನಿದ್ದಳು. ಪ್ರತಿ ಸಲವೂ ಅವನು ಒಪ್ಪಿಗೆಯೆಂದು ಬರೆದುಕೊಂಡ, ಮುಂದಿನ ಸಲ ಇನ್ನೊಂದಿಷ್ಟು ಕೇಳಿದ. ತಪ್ಪು ಮಾಡಿದೆ, ದೊಡ್ಡ ತಪ್ಪು ಮಾಡಿದೆ ಎಂದುಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಲ್ಲೇ ನಿಂತು ಅವಳಿಗೆ ಫೋನು ಮಾಡಿದ. ಐದನೇ ರಿಂಗಿಗೆ ಎತ್ತಿದಳು.

"ಹಲೋ."

"ನಾನು."

"ಗೊತ್ತಾಯ್ತು. ಹುಷಾರಾಗಿದ್ದೀರಾ?"

"ಹೂಂ. ನೀನು?"

"ಇದ್ದೀನಿ."

ಅವಳ ಹಿಂದೆ ಯಾರೋ ನಕ್ಕರು, ಒಂದು ಬಾಗಿಲು ಮುಚ್ಚಿತು.

"ಬೆಳಿಗ್ಗೆ ಹಾಡು ಕೇಳ್ತೀಯಾ?"

"ಯಾವ ಹಾಡು?"

"ಅದೇ, ಆರೂವರೆದು."

"ಆರೂವರೆಗೆ ನಾನು ಎದ್ದಿರೋದೇ ಇಲ್ಲ ಈಗ. ಇಲ್ಲಿ ಸ್ಕೂಲು ಮಧ್ಯಾಹ್ನದ್ದು. ಎಂಟರ ತನಕ ನಿದ್ದೆ," ಎಂದು ನಕ್ಕಳು. ಆ ನಗು ಅವನು ಕೇಳಿ ಬಹಳ ಕಾಲವಾಗಿತ್ತು. "ಯಾಕೆ?"

"ನಿನ್ನ ಪೆಟ್ಟಿಗೆ ಇಲ್ಲಿ ಇನ್ನೂ ಹಾಡ್ತಿದೆ."

"ಅಯ್ಯೋ, ಪ್ಲಗ್ ತೆಗೀದೇ ಬಂದ್ನಾ? ಇಷ್ಟು ದಿನ ನಿಮಗೆ ಕೇಳಿಸಲಿಲ್ವಾ?"

"ಸದ್ದು ಸೊನ್ನೇಲಿದೆ."

"ಹೌದಲ್ಲ," ಎಂದಳು. "ಮರೆತೇ ಹೋಗಿತ್ತು."

"ಹಾಡಿನವರು ರೇಟು ಏರಿಸಿದಾರೆ. ಏಳರೊಳಗೆ ಹೇಳಬೇಕಂತೆ. ನಿನ್ನ ಹೆಸರು ಇರಬೇಕಾ, ತೆಗೀಬೇಕಾ ಅಂತ."

"ನಿಮಗೇನನ್ಸುತ್ತೆ?"

ಇರಲಿ, ನೀನು ಬಾ. ಅಷ್ಟೇ. ನಾಲಗೆಯ ತುದಿಗೆ ಬಂದಿತ್ತು. ಬಾಯಿ ತೆರೆದ. ಮೂವತ್ತು ಷರತ್ತುಗಳನ್ನು ಒಂದೇ ಉಸಿರಿನಲ್ಲಿ ಬರೆಯಬಲ್ಲವನಿಗೆ ಆ ಮೂರು ಮಾತು ಹೊರಡಲಿಲ್ಲ. ಫ್ರಿಜ್ಜು ಒಮ್ಮೆ ನಡುಗಿ ಗುಂಯ್ಗುಡತೊಡಗಿತು. ಅವಳು ಕಾದಳು. ಅವಳ ಉಸಿರು ಅವನಿಗೆ ಕೇಳಿಸುತ್ತಿತ್ತು. ನಿಜವಾಗಿಯೂ ಬಹಳ ಹೊತ್ತು ಕಾದಳು.

"ಸರಿ ಹಾಗಾದ್ರೆ," ಎಂದಳು. ಸಿಟ್ಟೇನೂ ಇರಲಿಲ್ಲ. "ಯಾರೋ ಬಂದಿದಾರೆ. ಇಡ್ತೀನಿ."

ಅವನು ನಿಂತೇ ಇದ್ದ. ಗೋಡೆಯ ಮೇಲೆ ಕಂಪನಿ ಕೊಟ್ಟ ಗಡಿಯಾರ ಏಳಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಕೈ ತಾನಾಗಿ ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿತು. ಬಿಳಿ ದೀಪ ಹಸಿರಾಯಿತು. ಫೋನು ನೋಡಿದ. ಗುಬ್ಬಿಯ ಪಕ್ಕದಲ್ಲಿ ಚುಕ್ಕೆ ಹೊತ್ತಿತ್ತು. 'ಈಗ ಕೇಳುತ್ತಿದ್ದಾರೆ.'

ಏಳು ಹೊಡೆಯಿತು. ಫೋನು ಕಿಣಿಕ್ಕೆಂದಿತು. 'ನಿಮ್ಮ ಜೋಡಿ ಚಂದಾ ಮುಂದುವರಿದಿದೆ. ನೀವು ಏನೂ ಮಾಡಬೇಕಾಗಿಲ್ಲ.'

ತಿರುಪಿನ ಮೇಲೆ ಬೆರಳಿಟ್ಟ. ಒಂದು ಚೂರು ಬಲಕ್ಕೆ ತಿರುಗಿಸಿದರೆ ಸಾಕಿತ್ತು. ತಿರುಗಿಸಲಿಲ್ಲ. ಬಾಗಿ, ಧೂಳು ಹತ್ತಿದ ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತ. ಒಳಗೆ ಏನೂ ಇರಲಿಲ್ಲ. ಫೋನಿನಲ್ಲಿ ಗೆರೆ ಸರಿಯುತ್ತಿತ್ತು. ಗುಬ್ಬಿ ಇನ್ನೂ ಕೇಳುತ್ತಿದ್ದಳು.