ನಾಲ್ಕು ಬೆರಳು ಪಡುವಣಕ್ಕೆ

"ಪಾಷಣ್ಣ, ನೀವೂ ಒಂದ್ ಕೈ ಹಾಕಿ. ನಾಕ್ ಜನುದ್ ಕೈಲಿ ಆಗಲ್ಲ."

ಸೋಮಶೇಖರ್ ಕರೆದದ್ದೇ ತಡ, ಅಪ್ಸರ್ ಪಾಷಾ ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಸೋಮಶೇಖರನ ತಾಯಿ ಚಿಕ್ಕಮಲ್ಲಮ್ಮನನ್ನು ಎತ್ತಿ ಶವ ಹೊರುವ ಹೂವಿನ ವಿಮಾನದಲ್ಲಿ ಕೂರಿಸಬೇಕಿತ್ತು. ಹಣೆತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ತಲೆ ವಾಲದ ಹಾಗೆ ಬಿಳಿಬಟ್ಟೆ ಕಟ್ಟಿದ್ದರು. ಪಾಷಾ ಬೆನ್ನ ಹಿಂದೆ ನಿಂತು ಎರಡೂ ತೋಳುಗಳ ಕೆಳಗೆ ಕೈ ಕೊಟ್ಟ. ಹದಿನೈದು ವರ್ಷದ ಪರಿಚಯದಲ್ಲಿ ಅವಳ ಕೈಯಿಂದ ತಟ್ಟೆ ತಗೊಂಡಿದ್ದ, ಲೋಟ ತಗೊಂಡಿದ್ದ. ಅವಳನ್ನು ಮುಟ್ಟಿದ್ದು ಇದೇ ಮೊದಲು.

"ಒಸಿ ಮೆತ್ತುಗ್ ಎತ್ರಪ್ಪ," ಎಂದು ಮಂತ್ರ ಹೇಳಲು ಬಂದಿದ್ದ ಅಯ್ಯನವರು ಹೇಳಿದರು.

ಎತ್ತಿದರು. ವಿಮಾನದ ಬಿದಿರು ಕಿರುಗುಟ್ಟಿತು. ಹಿಂದೆ ನಿಂತಿದ್ದ ಯಾರೋ "ಟ್ರ್ಯಾಕ್ಟರೇ ಬೇಕಿತ್ತು ಬುಡು" ಎಂದರು. ಇನ್ನೊಬ್ಬರು ನಗು ನುಂಗಿಕೊಂಡು ಕೆಮ್ಮಿದರು. ಸತ್ತ ಮೇಲೂ ಬಿಡಲಿಲ್ಲವಲ್ಲ ಇವರು ಎಂದುಕೊಂಡ ಪಾಷಾ. ಮರುಗಳಿಗೆಯೇ, ಹಾಗೆ ಅಂದುಕೊಳ್ಳುವ ಯೋಗ್ಯತೆ ತನಗೆಲ್ಲಿದೆ ಅನ್ನಿಸಿ ತಲೆ ತಗ್ಗಿಸಿದ.

ಸತ್ತವಳ ತಂಗಿ ಪುಟ್ಟಮಲ್ಲಮ್ಮ ಬಾಗಿಲ ಪಕ್ಕ ಕೂತು, ಬಂದವರಿಗೆಲ್ಲ ಅದೇ ಕತೆ ಹೇಳುತ್ತಿದ್ದಳು.

"ಒಣಾಕಿದ್ ಬಟ್ಟೆ ತರಕ್ಕೆ ಅಂತ ಅರವತ್ತಾರ್ ವರ್ಸುದ್ ಮುದುಕಿನ ಏಣಿ ಅತ್ಸವ್ಳೆ ಕಣವ್ವ ಈ ಸೊಸೆ. ತಾನು ಒಳ್ಗ ಕುಕ್ಕರ್ ಮುಂದ ನಿಂತವ್ಳೆ. ಆ ಮೈ ಇಟ್ಕಂಡು ಅವ್ಳು ಏಣಿ ಅತ್ತಕ್ಕಾದದ? ಜಾರಿ ಸಿಮೆಂಟಿನ್ ಮ್ಯಾಲ್ ಬಿದ್ಲು. ಚಾಮರಾಜನಗರ ಮುಟ್ಟಗಂಟ ಜೀವ ತಡೀನಿಲ್ಲ."

ಸೊಸೆ ಶಿವರಂಜನಿ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದಳು. ಇಲ್ಲ ಎನ್ನಲಿಲ್ಲ, ಅಳಲೂ ಇಲ್ಲ. ಆ ಸುಮ್ಮನಿರುವಿಕೆಯನ್ನೇ ಜನ ಒಪ್ಪಿಗೆ ಎಂದುಕೊಂಡರು.

ಬಟ್ಟೆ ತರಲಿಕ್ಕಲ್ಲ ಎಂಬುದು ಪಾಷಾನಿಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ತಿಳಿದಿದ್ದ.

*

ಹದಿನೈದು ವರ್ಷದ ಹಿಂದೆ ಚಿಕ್ಕಮಲ್ಲಮ್ಮ ಚಾಮರಾಜನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದಳು. ಇನ್ನೂರು ಮಕ್ಕಳ ಅನ್ನವನ್ನು ಒಬ್ಬಳೇ ಬಸಿಯುವ ಗಟ್ಟಿಗಿತ್ತಿ. ಮಕ್ಕಳು ಹಿಂದಿನಿಂದ ಅವಳನ್ನು 'ಡ್ರಮ್ಮಮ್ಮ' ಅನ್ನುತ್ತಿದ್ದರು. ಆಟೋದವರು ಇಬ್ಬರ ಚಾರ್ಜು ಕೇಳುತ್ತಿದ್ದರು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ದಿನವೇ ಗಂಡನ ಕಡೆಯವರು "ಮರಿಮಲ್ಲಪ್ಪ ಎಮ್ಮೆ ಹೊಡ್ಕಂಡ್ ಬಂದ" ಎಂದಿದ್ದರಂತೆ. ಇದನ್ನೆಲ್ಲ ಅವಳೇ ನಗುನಗುತ್ತ ಹೇಳುತ್ತಿದ್ದಳು. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಡುವುದು ಅವಳ ರೂಢಿ.

ಒಂದು ಮಧ್ಯಾಹ್ನ ಹಾಸ್ಟೆಲಿನ ಟಿವಿ ಕೆಟ್ಟಿದೆಯೆಂದು ಸತ್ಯಮಂಗಲ ರಸ್ತೆಯಲ್ಲಿದ್ದ ಪಾಷಾನ ಅಂಗಡಿಗೆ ಬಂದಳು. ಅವನು ಯಾವುದೋ ದೊಡ್ಡ ಡಿಶ್ ಪರೀಕ್ಷೆ ಮಾಡುತ್ತಿದ್ದ. ಪರದೆಯ ಮೇಲೆ ಚುಕ್ಕೆಚುಕ್ಕೆಯಾಗಿ ಜಪಾನಿನ ಚಾನೆಲ್ಲೊಂದು ಮೂಡಿತು, ಸುಮೊ ಕುಸ್ತಿ. ಮಣ್ಣಿನ ಅಖಾಡದಲ್ಲಿ ಇಬ್ಬರು ಭಾರೀ ಗಂಡಸರು, ಮೈಮೇಲೆ ನಡುಪಟ್ಟಿ ಬಿಟ್ಟರೆ ಏನಿಲ್ಲ, ಒಬ್ಬರಿಗೊಬ್ಬರು ತಲೆಬಾಗಿ, ಮುಷ್ಟಿ ತುಂಬ ಉಪ್ಪು ಎರಚಿ, ಕುಕ್ಕರಗಾಲಲ್ಲಿ ಕೂತರು. ಒಂದು ಕ್ಷಣ. ಆಮೇಲೆ ಡಿಕ್ಕಿ. ಪಾಷಾ ಚಾನೆಲ್ ಬದಲಿಸಲು ಹೋದ.

"ಇರ್ಲಿ ಬುಡು ಪಾಷಾ, ಅದೇ ಇರ್ಲಿ."

ಅವಳು ಸ್ಟೂಲಿನ ಮೇಲೆ ಕೂತು ಮುಕ್ಕಾಲು ಗಂಟೆ ನೋಡಿದಳು. ಕೊನೆಗೆ ಮೆಲ್ಲನೆ ಕೇಳಿದಳು: "ಇವ್ರುನ್ನ ಯಾರೂ ಆಡ್ಕಂಡ್ ನಗಲ್ವಾ?"

"ನಗದೆಲ್ ಬಂತಕ್ಕ. ನೋಡಿ, ಜನ ದಾರಿ ಬುಟ್ಟು ಕೈ ಮುಗೀತಾ ಅವ್ರೆ."

ಮಾರನೆಯ ಮಧ್ಯಾಹ್ನವೂ ಅವಳು ಬಂದಳು.

ರಿಟೈರಾಗಿ ಗುಂಡ್ಲುಪೇಟೆಯ ಮನೆಗೆ ಬಂದ ಮೇಲೆ ಪಾಷಾ ಅವಳ ತಾರಸಿಯ ಮೇಲೆ ಆರಡಿಯ ಜಾಲರಿ ಡಿಶ್ ನಿಲ್ಲಿಸಿಕೊಟ್ಟ. ಒಂದು ತಿಂಗಳು ಬಿಟ್ಟು ಒಂದು ತಿಂಗಳು, ವರ್ಷಕ್ಕೆ ಆರು ಸಲ, ಹದಿನೈದು ಹದಿನೈದು ದಿನ ಕುಸ್ತಿ. ಆ ದಿನಗಳಲ್ಲಿ ಅವಳು ಹನ್ನೆರಡರೊಳಗೆ ಸಾರು ಇಳಿಸಿ ಟಿವಿ ಮುಂದೆ ಕೂರುತ್ತಿದ್ದಳು. ಚಾನೆಲ್ ಬೇರೆ ಉಪಗ್ರಹಕ್ಕೆ ಹೋದರೆ ಅವನು ಬಂದು ಡಿಶ್ ತಿರುಗಿಸುತ್ತಿದ್ದ. ಫೋನಿನ ಕಾಲ ಬಂದಾಗ, ಯಾವುದೋ ದೇಶದ ಯಾರೋ ಪುಣ್ಯಾತ್ಮ ನೇರಪ್ರಸಾರ ಹಾಕುತ್ತಿದ್ದುದನ್ನು ಪಾಷಾನ ಮಗಳು ನಾಜ್ನೀನ್ ಹುಡುಕಿ ಕಳಿಸುತ್ತಿದ್ದಳು. ನಾಲ್ಕು ದಿನಕ್ಕೆ ಅದೂ ಬಂದ್ ಆಗುತ್ತಿತ್ತು. ಕೂಡಲೇ ಗುಂಡ್ಲುಪೇಟೆಯಿಂದ ಫೋನು.

"ಪಾಷಾ, ಬಾಗ್ಲು ಮುಚ್ಬುಟ್ರು ಕಣಪ್ಪ."

"ಬ್ಯಾರೆ ಬಾಗ್ಲು ಉಡುಕ್ತೀನಿ, ತಡೀರಿ ಅಕ್ಕ."

ಜಟ್ಟಿಗಳ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ಒಬ್ಬ ಹಸುಗಣ್ಣ, ಒಬ್ಬ ಅಳುಮುಂಜಿ. ಅವಳಿಗೆ ಅತಿಮೆಚ್ಚಿನವನು ಮೊಣಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡು ಬರುತ್ತಿದ್ದ ವಯಸ್ಸಾದ ಜಟ್ಟಿ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅವನನ್ನು 'ನಮ್ ಮಂಡಿ' ಎನ್ನುತ್ತಿದ್ದಳು.

*

ಹೊಲದ ಬದುವಿನಲ್ಲಿ, ಗಂಡ ಮರಿಮಲ್ಲಪ್ಪನ ಸಮಾಧಿಯ ಪಕ್ಕ ಗುಂಡಿ ತೆಗೆದಿದ್ದರು. ಆಚೆಗೆ ಕೊಯ್ಲಿಗೆ ಬಂದ ಚೆಂಡುಹೂವಿನ ಸಾಲು. ಭಜನೆಯವರು ತಾಳ ನಿಲ್ಲಿಸಿದರು. ಅಯ್ಯನವರು ಗುಂಡಿಯೊಳಗೆ ಇಣುಕಿ ತಲೆಯಾಡಿಸಿದರು.

"ಸಾಲಲ್ಲ. ಆ ಕಡೆ ಒಂದ್ ಅಡಿ ತೆಗೀಬೇಕು."

ಯಾರಾದರೂ ಏನಾದರೂ ಅನ್ನುವ ಮೊದಲೇ ಪಾಷಾ ಅಂಗಿಯ ತೋಳು ಮಡಚಿ ಒಳಗಿಳಿದ. ನಿನ್ನೆ ಮಧ್ಯಾಹ್ನದಿಂದ ಅವನ ಕೈಗಳಿಗೆ ಏನಾದರೂ ಕೆಲಸ ಬೇಕಾಗಿತ್ತು. ಹಾರೆಯಲ್ಲಿ ಮೀಟಿದ, ಉಗುರಲ್ಲಿ ಕೆರೆದ. ಕರಿಮಣ್ಣು ಅಂಟಂಟಾಗಿ ಬೆರಳಿಗೆ ಮೆತ್ತಿಕೊಂಡಿತು. ಮೇಲಿನಿಂದ ಸೋಮಶೇಖರ್ "ಸಾಕು ಬನ್ನಿ ಅಣ್ಣ, ನಾನ್ ತೆಗೀತೀನಿ" ಎಂದ. ಪಾಷಾ ಕೇಳಿಸದವನಂತೆ ಕೆರೆಯುತ್ತಲೇ ಇದ್ದ.

*

ನಿನ್ನೆ ಭಾನುವಾರ. ನವೆಂಬರ್ ಕುಸ್ತಿಯ ಕೊನೆಯ ದಿನ. ಕಾರ್ಖಾನೆಗೆ ರಜೆಯೆಂದು ಪಾಷಾ ಬದನಗುಪ್ಪೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ಯಾಮೆರಾ ಕೂರಿಸಲು ಹೋಗಿದ್ದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಏಣಿಯ ತುದಿಯಲ್ಲಿದ್ದಾಗ ಜೇಬಿನ ಫೋನು ಬಡಿದುಕೊಂಡಿತು. ಎರಡು ಸಲ ಕಟ್ ಮಾಡಿದ. ಮೂರನೆಯ ಸಲ ಎತ್ತಿದ.

"ಪಾಷಾ, ಫೋನಲ್ ಬತ್ತಾ ಇದ್ದುದ್ನ ಮುಚ್ಬುಟ್ರು. ನಮ್ ಮಂಡಿ ಏಳ್ ಗೆದ್ದವ್ನೆ, ಏಳ್ ಸೋತವ್ನೆ. ಇವತ್ ಗೆದ್ರೆ ದರ್ಜೆಲಿ ಉಳ್ಕತಾನೆ, ಇಲ್ದಿದ್ರೆ ಕೆಳಕ್ ಬೀಳ್ತಾನೆ ಕಣಪ್ಪ."

"ಅಕ್ಕ, ನಾ ಕೆಲ್ಸುದ್ ಮ್ಯಾಲಿವ್ನಿ. ನಾಜ್ನೀನ್‌ಗೆ ಮಾಡಿ."

"ಅವ್ಳು ಎತ್ತನಿಲ್ಲ. ಡಿಶ್ಶಲ್ ಬರಲ್ವಾ? ಕೋತಿ ಅಲ್ಲಾಡ್ಸ್ಬುಟ್ಟವೆ ಅಂದಿದ್ಯಲ್ಲ, ಒಸಿ ತಿರುಗ್ಸುದ್ರ ಬತ್ತದಾ?"

ಕೋತಿಯ ಮಾತು ಹೇಳಿದ್ದು ಅವನೇ, ಸೆಪ್ಟೆಂಬರಿನಲ್ಲಿ. ಡಿಶ್ಶಿನ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸದು ಅವತ್ತು ಚೀಲದಲ್ಲಿ ಇರಲಿಲ್ಲ. ಅದನ್ನೆಲ್ಲ ವಿವರಿಸುವ ಬೇಸರಕ್ಕೆ, ಕೋತಿ ಅಲ್ಲಾಡಿಸಿವೆ, ಮುಂದಿನ ಸಲ ಸರಿಮಾಡುತ್ತೇನೆ ಎಂದು ಬಂದುಬಿಟ್ಟಿದ್ದ. ಆ ಮುಂದಿನ ಸಲ ಬಂದಿರಲೇ ಇಲ್ಲ.

ಕೆಳಗೆ ಸೂಪರ್‌ವೈಸರು ಗಡಿಯಾರ ನೋಡುತ್ತಿದ್ದ.

"ಬತ್ತದೆ," ಎಂದ ಪಾಷಾ. "ನಾಕ್ ಬೆರಳು ಪಡುವಲಕ್ಕೆ ತಿರುಗ್ಸಿ, ಬತ್ತದೆ."

"ಸೋಮ ಊವಿನ್ ಲೋಡ್ ತಕ್ಕಂಡ್ ಓಗವ್ನೆ. ಯಾರ್ ಅತ್ತಾರಪ್ಪ?"

"ನೀವೇ ಅತ್ತಿ ಅಕ್ಕ. ಆ ದಡಿಯರ ಕುಸ್ತಿ ಒಂದಿನ ನೋಡ್ದಿದ್ರೆ ಪ್ರಾಣ ಓಗಲ್ಲ ಬುಡಿ."

ಅವಳು ಎಂದಿನಂತೆ ನಕ್ಕಳು. "ಸರಿ ಕಣಪ್ಪ. ನಾಕ್ ಬೆರಳಲ್ವಾ," ಎಂದು ಫೋನಿಟ್ಟಳು.

*

ಸಮಾಧಿಯೊಳಗೆ ವಿಭೂತಿಯನ್ನೂ ಬಿಲ್ವಪತ್ರೆಯನ್ನೂ ಹಾಸಿ, ಚೀಲ ಬಿಚ್ಚಿ ಉಪ್ಪು ಸುರಿದರು. ಕರಿಮಣ್ಣಿನ ಮೇಲೆ ಬಿದ್ದ ಆ ಬಿಳುಪನ್ನು ಪಾಷಾನಿಗೆ ನೋಡಲಾಗಲಿಲ್ಲ. ದೇಹವನ್ನು ಇಳಿಸಿ, ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಸೋಮಶೇಖರ್ ಮೂರು ಹಿಡಿ ಮಣ್ಣು ಹಾಕಿ ಹೆಂಡತಿಯತ್ತ ತಿರುಗಿದ. ಶಿವರಂಜನಿ ಬಗ್ಗಿ ಮಣ್ಣು ತೆಗೆದುಕೊಂಡಳು.

"ಅವ್ಳ್ ಕೈಲಿ ಮಣ್ ಆಕುಸ್ಬ್ಯಾಡ ಕಣ್ಲಾ ಸೋಮ," ಎಂದಳು ಪುಟ್ಟಮಲ್ಲಮ್ಮ. ದನಿ ಏರಿಸಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಏಣಿ ಅತ್ಸಿದ್ ಕೈ ಅದು. ನಮ್ಮಕ್ಕುನ್ ಮ್ಯಾಲ್ ಆ ಕೈಯಿನ್ ಮಣ್ ಬೀಳದ್ ಬ್ಯಾಡ."

ಶಿವರಂಜನಿ ಹಿಡಿ ಬಿಗಿಹಿಡಿದು ನಿಂತಳು. ಸೋಮಶೇಖರ್ ಚಿಕ್ಕಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಟವೆಲಿನಿಂದ ಬಾಯಿ ಒರೆಸಿಕೊಂಡ. ಹೆಂಡತಿಯ ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು.

"ಪುಟ್ಟಮಲ್ಲಕ್ಕ," ಎಂದ ಪಾಷಾ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. "ಅತ್ಸಿದ್ದು ಆ ಮಗಳಲ್ಲ. ನಾನು."

ಎಲ್ಲರೂ ತಿರುಗಿದರು.

"ಬಟ್ಟೆ ತರಕ್ಕಲ್ಲ ಅಕ್ಕ ಅತ್ತಿದ್ದು. ಕುಸ್ತಿ ಬತ್ತಿಲ್ಲ ಅಂತ ನಂಗ್ ಫೋನ್ ಮಾಡುದ್ರು. ಕೆಲ್ಸದ್ ಮ್ಯಾಲಿದ್ದೆ. ನೀವೇ ಅತ್ತಿ ಡಿಶ್ ತಿರುಗ್ಸಿ ಅಂದೆ. ನಾ ಅಂದಿದ್ಕೇ ಅತ್ತವ್ರೆ."

ಹೂವಿನ ಸಾಲಿನ ಮೇಲೆ ಗಾಳಿ ಬೀಸಿಹೋಯಿತು. ಪುಟ್ಟಮಲ್ಲಮ್ಮ ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಒಡುಟ್ಟಿದ್ ತಮ್ಮ ಇದ್ದಂಗೆ ಅಂತಿದ್ಲಲ್ಲಪ್ಪ ನಿನ್ನ," ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸೋಮಶೇಖರ್ ಗುಂಡಿಯ ಅಂಚಿನಲ್ಲಿ ಹಾಗೇ ಕೂತಿದ್ದ. ತಲೆಯೆತ್ತದೆ ಕೇಳಿದ: "ಅವ್ನು ಗೆದ್ನಾ? ಅವ್ವುನ್ ಮಂಡಿಯವ್ನು."

ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಪಾಷಾ ಫೋನಿನಲ್ಲಿ ನೋಡಿದ್ದ. ಯಾಕೆ ನೋಡಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

"ಗೆದ್ದ ಕಣಪ್ಪ. ನಾಕ್ ಸೆಕೆಂಡು. ಎದ್ರಿಗಿದ್ದವ್ನು ಆಚೆ ಬಿದ್ದ."

ಸೋಮಶೇಖರ್ ತಲೆಯಾಡಿಸಿದ. ಮತ್ತೆ ಮತ್ತೆ ಆಡಿಸುತ್ತಲೇ ಇದ್ದ. ಆಮೇಲೆ ಹೆಂಡತಿಗೆ "ಬಾ, ಆಕು" ಎಂದ. ಅವಳು ಹಾಕಿದಳು. ಪಾಷಾನಿಗೆ ಯಾರೂ ಹಾಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಹಿಂದೆ ಸರಿದು ಬೇಲಿಯ ಹತ್ತಿರ ನಿಂತ. ಅವನ ಪಕ್ಕ ನಿಂತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋದರು.

*

ಮಣ್ಣು ಮುಗಿಸಿ ಎಲ್ಲರೂ ಮನೆಯ ಮುಂದಿನ ತೊಟ್ಟಿಯಲ್ಲಿ ಕೈಕಾಲು ತೊಳೆದು, ದೀಪ ನೋಡಿ ಒಳಗೆ ಹೋದರು. ಪಾಷಾ ಹೊರಗೇ ಉಳಿದ. ಹೇಳದೆ ಕೇಳದೆ ಬಸ್‌ಸ್ಟ್ಯಾಂಡಿಗೆ ಹೋಗಿಬಿಡುವುದೆಂದು ಚಪ್ಪಲಿ ಹುಡುಕುತ್ತಿದ್ದಾಗ ಶಿವರಂಜನಿ ತುಂಬಿದ ಚೊಂಬು ಹಿಡಿದು ಹಿತ್ತಲ ಕಡೆಯಿಂದ ಬಂದಳು.

"ಕೈ ತೊಳ್ಕಳಿ ಅಣ್ಣ. ಹಂಗೇ ಓಗ್ಬಾರ್ದು."

ಅವನು ತೆಂಗಿನ ಬುಡದಲ್ಲಿ ಬಗ್ಗಿ ಎರಡೂ ಕೈ ಚಾಚಿದ. ಅವಳು ಸಣ್ಣಗೆ ನೀರು ಬಿಟ್ಟಳು. ಕರಿಮಣ್ಣು ಬಿಡುತ್ತ ಹೋಯಿತು.

"ನೀವ್ ಅದನ್ನ ಹೇಳ್ಬಾರ್ದಾಗಿತ್ತು," ಎಂದಳು ಅವಳು.

"ನಿನ್ ಮ್ಯಾಲ್ ಆಕ್ತಿದ್ರಲ್ಲಮ್ಮ."

"ಆಕ್ಲಿ ಅಂತ್ಲೇ ಸುಮ್ನಿದ್ದೆ." ಅವಳು ಮನೆಯೊಳಗೆ ಒಮ್ಮೆ ನೋಡಿದಳು. "ಏಣಿ ಹಿಡ್ಕೊ ಬಾ ರಂಜ್ನಿ ಅಂತ ಕರುದ್ರು ಅತ್ತೆ. ಎರಡ್ ಸಲಿ ಕರುದ್ರು. ಈ ವಯಸ್ನಲ್ಲಿ ಇವ್ರಿಗ್ ಆ ಬೆತ್ತಲೆ ಗಂಡುಸ್ರ ಕುಸ್ತಿ ಬ್ಯಾರೆ ಕೇಡು ಅಂತ ನಂಗೆ ಸಿಟ್ಟು. ಕುಕ್ಕರ್ ಕೂಗ್ಲಿ ಅಂದೆ. ಅದು ಆಗ್ಲೇ ಕೂಗಿ ಆಗಿತ್ತು."

ಚೊಂಬಿನಿಂದ ನೀರು ಬೀಳುತ್ತಲೇ ಇತ್ತು. ಪಾಷಾ ಉಗುರು ಉಜ್ಜುತ್ತಿದ್ದವನು ನಿಲ್ಲಿಸಿದ. ಗುಂಡಿಯ ಅಂಚಿನಲ್ಲಿ ಹೇಳದೆ ಉಳಿಸಿಕೊಂಡಿದ್ದ ಮಾತು ಇನ್ನೂ ಒಳಗೇ ಇತ್ತು. ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದ.

"ತಿರುಗ್ಸುದ್ರೂ ಬತ್ತಿರ್ಲಿಲ್ಲ ಕಣಮ್ಮ," ಎಂದ. "ಡಿಶ್ಶು ಕೆಟ್ಟು ಎರಡ್ ತಿಂಗ್ಳಾಗಿತ್ತು. ನಂಗ್ ಗೊತ್ತಿತ್ತು. ಫೋನ್ ಇಟ್ರೆ ಸಾಕು ಅಂತ ಅಂಗಂದೆ."

ನೀರು ನಿಂತಿತು.

ಅವನು ತಲೆ ಎತ್ತಲಿಲ್ಲ. ಎದುರಿಗೆ ಅವಳ ಒದ್ದೆ ಸೀರೆಯ ಅಂಚು, ಅದಕ್ಕೆ ಮೆತ್ತಿದ ಹೊಲದ ಮಣ್ಣು, ಅಷ್ಟೇ ಕಾಣುತ್ತಿತ್ತು. ಒಳಗಿನಿಂದ ಪುಟ್ಟಮಲ್ಲಮ್ಮ "ರಂಜ್ನೀ" ಎಂದು ಕರೆದದ್ದು ಕೇಳಿಸಿತು. ಶಿವರಂಜನಿ ಹೋಗಲಿಲ್ಲ. ಚೊಂಬು ಮತ್ತೆ ಬಗ್ಗಿತು. ಅವನ ಕೈಯಲ್ಲಿ ಆಗಲೇ ಮಣ್ಣಿರಲಿಲ್ಲ. ಆದರೂ ಅವಳು ಸುರಿಯುತ್ತಲೇ ಇದ್ದಳು, ಅವನು ಚಾಚಿಕೊಂಡೇ ಇದ್ದ. ತಿಳಿನೀರು ಅಂಗೈ ತುಂಬಿ, ಮಣಿಕಟ್ಟಿನಿಂದಿಳಿದು, ತೆಂಗಿನ ಬುಡ ದಾಟಿ ರಸ್ತೆಯತ್ತ ಹರಿಯುತ್ತಿತ್ತು.